ಗೀಜಗನ ಗಂಟಿಗೊಂದು ಕ್ಯಾಮೆರಾ

ಐವತ್ತು ದಾಟಿದ ಹೆಂಗಸೊಬ್ಬಳು ಕ್ಯಾಮೆರಾ ಕೊಳ್ಳುತ್ತೇನೆಂದು ಹೊರಟರೆ ನಮ್ಮ ಬೀದಿಯ ಜನಕ್ಕೆ ಎರಡೇ ಕಾರಣ ಹೊಳೆಯುತ್ತವೆ. ಒಂದೋ ಮಗಳ ಮದುವೆ ಗೊತ್ತಾಗಿದೆ, ಇಲ್ಲವೇ ಕಾಶಿಗೆ ಹೊರಟಿದ್ದಾಳೆ. ನನಗೆ ಮಗಳಿಲ್ಲ. ಕಾಶಿಗೆ ಹೋಗಿ ತೊಳೆದುಕೊಳ್ಳುವಷ್ಟು ಪಾಪ ಮಾಡಲು ಪುರುಸೊತ್ತೂ ಸಿಕ್ಕಿಲ್ಲ. ನನಗೆ ಕ್ಯಾಮೆರಾ ಬೇಕಾಗಿದ್ದು ಒಂದು ಹಕ್ಕಿ ಗಂಟು ಹಾಕುವುದನ್ನು ನೋಡಲಿಕ್ಕೆ. ಹೀಗೆಂದಾಗ ಎದುರುಮನೆಯ ಸರೋಜಕ್ಕ ನನ್ನನ್ನು ಒಂದು ಗಳಿಗೆ ದಿಟ್ಟಿಸಿ, "ಬಿಸ್ಲು ಜಾಸ್ತಿ ಐತೆ ಜಯಾ, ತಲೆ ಮ್ಯಾಲೆ ಸೆರಗಾಕ್ಕೊಂಡು ಓಡಾಡು" ಎಂದು ಬುದ್ಧಿ ಹೇಳಿ ಒಳಗೆ ಹೋದರು.

ಫೋನಿನಲ್ಲೇ ಕ್ಯಾಮೆರಾ ಇದೆಯಲ್ಲ ಎಂದು ನೀವೂ ಕೇಳುತ್ತೀರಿ, ಗೊತ್ತು. ಇದೆ. ನನ್ನ ಫೋನಿನ ಬೆನ್ನಿಗೆ ಮೂರು ಕಣ್ಣುಗಳಿವೆ. ಅದನ್ನು ಕೊಂಡಾಗ ಅಂಗಡಿಯ ಹುಡುಗಿ ಚಂದ್ರನನ್ನೇ ತೆಗೆಯಬಹುದು ಮೇಡಂ ಎಂದಿದ್ದಳು. ಆದರೆ ಫೋನಿನಲ್ಲಿ ಎರಡು ಬೆರಳಿಟ್ಟು ಅಗಲಿಸಿದರೆ ಚಿತ್ರ ಹತ್ತಿರ ಬರುವುದಿಲ್ಲ, ಹಿಗ್ಗುತ್ತದೆ, ಅಷ್ಟೆ. ಒಬ್ಬಟ್ಟನ್ನು ತಟ್ಟಿದ್ದೇ ತಟ್ಟಿದರೆ ಅದು ಊರಗಲ ಆಗುತ್ತದೆ ನಿಜ, ಹೂರಣ ಮಾತ್ರ ಎಲ್ಲೂ ಇರುವುದಿಲ್ಲ. ನನಗೆ ಹೂರಣ ಬೇಕಿತ್ತು.

ನಾನು ಮೊರಪ್ಪೂರಿನ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತೇನೆ. ಬೆಳಗ್ಗೆ ಸೇಲಂನಲ್ಲಿ ರೈಲು ಹತ್ತಿ ಹೋಗುತ್ತೇನೆ, ಸಂಜೆ ಅದೇ ಹಳಿಯ ಮೇಲೆ ವಾಪಸ್ ಬರುತ್ತೇನೆ. ಮಕ್ಕಳಿಗೆ ತಮಿಳಿನಲ್ಲಿ ಆಂಡಿಸ್ ಪರ್ವತವನ್ನೂ ಅಮೆಜಾನ್ ಕಾಡನ್ನೂ ತೋರಿಸುವ ನಾನು ಕಣ್ಣಾರೆ ಕಂಡ ಅತಿ ದೂರದ ಊರು ಮೈಸೂರು. ಮನೆಯಲ್ಲಿ ಆಡುವುದು ಕನ್ನಡ, ಅಂದರೆ ಅರ್ಧ ತಮಿಳು ಬೆರೆತು ನಾವೇ ಕನ್ನಡವೆಂದು ನಂಬಿಕೊಂಡಿರುವ ಒಂದು ಭಾಷೆ. ಕನ್ನಡದ ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ಗಂಡನ ಅಜ್ಜಿಯ ಹತ್ತಿರ ಕೂತು. ಆದ್ದರಿಂದ ಕನ್ನಡ ಬರೆಯುವಾಗ ಗಂಜಿ ಹಾಕಿದ ಹೊಸ ಸೀರೆ ಉಟ್ಟವಳ ಹಾಗೆ ಸ್ವಲ್ಪ ಸೆಟೆದುಕೊಂಡು ನಡೆಯುತ್ತೇನೆ. ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮದು ನೇಯುವವರ ಮನೆ. ಸೇಲಂನ ಗುಗೈ ಬೀದಿಯ ನಮ್ಮ ಮನೆಯ ನಡುಮನೆಯಲ್ಲಿ ಕುಣಿಮಗ್ಗ ಇತ್ತು. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ನೆಲದ ಮಟ್ಟಕ್ಕೆ ಕೂತು, ಕಾಲಲ್ಲಿ ಹಲಗೆ ಮೆಟ್ಟುತ್ತ ಕೈಯಲ್ಲಿ ಲಾಳಿ ಎಸೆಯುತ್ತ ನೇಯುವ ಮಗ್ಗ ಅದು. ಅಪ್ಪ ಅದರಲ್ಲಿ ಕೂತರೆ ನನಗೆ ಅವನ ಮುಖ ಸರಿಯಾಗಿ ನನ್ನ ಎತ್ತರಕ್ಕೆ ಸಿಗುತ್ತಿತ್ತು. ಅಪ್ಪ ಹೋದ ಮೇಲೆ, ಅಲ್ಲಿಯವರೆಗೆ ಆ ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದ ಅಮ್ಮ ಯಾರನ್ನೂ ಕೇಳದೆ ತಾನೇ ಕುಣಿಗೆ ಇಳಿದು ಕೂತಳು. ಆಮೇಲೆ ಅಳಿಯ ಮಗಳು ನಾವಿಬ್ಬರೂ ಅದೇ ಮನೆಗೆ ಬಂದು ಸೇರಿಕೊಂಡೆವು. ಮಗ್ಗದ ಸದ್ದಿಗೆ ನಾವು ಏಳುತ್ತಿದ್ದೆವು, ಮಗ್ಗದ ಸದ್ದು ನಿಂತರೆ ಊಟದ ಹೊತ್ತಾಯಿತು ಎಂದು ತಿಳಿಯುತ್ತಿದ್ದೆವು.

ಹೋದ ವರ್ಷ ಅಮ್ಮನ ಮಂಡಿ ಪೂರ್ತಿ ಕೈಕೊಟ್ಟಿತು. ಕುಣಿಗಿಳಿದರೆ ಮೇಲೆ ಹತ್ತಿಸಲು ಇಬ್ಬರು ಬೇಕು. ಡಾಕ್ಟರು ಇನ್ನು ಮಗ್ಗ ಬೇಡ ಎಂದರು. ಮಗ್ಗವನ್ನು ಬಿಚ್ಚಿ ಬೇಕಾದವರಿಗೆ ಕೊಟ್ಟೆವು, ಕುಣಿಗೆ ಇಟ್ಟಿಗೆಚೂರು ತುಂಬಿ ಟೈಲ್ಸ್ ಹಾಕಿಸಿದೆವು. ಆ ಜಾಗದಲ್ಲಿ ಈಗ ಫ್ರಿಜ್ಜು ನಿಂತಿದೆ. ಅಮ್ಮ ಅದರ ಹತ್ತಿರ ಹೋಗುವಾಗ ಇವತ್ತಿಗೂ ನೇರ ನಡೆಯುವುದಿಲ್ಲ, ಇಲ್ಲದ ಕುಣಿಯನ್ನು ಬಳಸಿಕೊಂಡು ಗೋಡೆಯ ಪಕ್ಕದಿಂದ ಹೋಗುತ್ತಾಳೆ.

ಅಮ್ಮ ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಜಗಳ ತೆಗೆದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು, ಜಗಳದಲ್ಲಿ ನಮ್ಮ ಮನೆಯವರು ಯಾರೂ ಹಿಂದೆ ಬಿದ್ದವರಲ್ಲ. ಅವಳು ಸುಮ್ಮನಾಗಿಬಿಟ್ಟಳು. ಊಟ ಬಡಿಸಲಾ ಅಂದರೆ ಹೂಂ, ಸಾಕಾ ಅಂದರೆ ಹೂಂ. ನನಗೆ ಭಯವಾಯಿತು. ಭಯವಾದಾಗ ಟೀಚರ್ ಜಾತಿಯವರು ಮಾಡುವುದನ್ನೇ ಮಾಡಿದೆ, ಪ್ರಶ್ನೆ ಕೇಳತೊಡಗಿದೆ. ಎದುರಿಗೆ ಕೂತು ಮುಖ ನೋಡುವುದು, ಯಾಕಮ್ಮ ಹಿಂಗಿದ್ದೀಯ ಎನ್ನುವುದು. ಶಾಲೆಯಿಂದ ಫೋನು ಮಾಡಿ, ಧ್ವನಿ ಯಾಕೆ ಹಾಗಿದೆ ಎನ್ನುವುದು. ಒಂದು ದಿನ ಮಾತ್ರ ಅವಳು, "ಯಾಕ್ಲೇ ಯಾವಾಗ್ಲೂ ನನ್ ಮಕನೇ ನೋಡ್ತೀಯ? ಸಿನಿಮಾ ಓಡ್ತಾ ಐತಾ ಅದ್ರಾಗೆ?" ಎಂದಳು. ಅದೇ ಆ ತಿಂಗಳಲ್ಲಿ ಅವಳು ಆಡಿದ ಅತಿ ಉದ್ದದ ಮಾತು. ನಾನು ಇನ್ನಷ್ಟು ಗಮನವಿಟ್ಟು ನೋಡತೊಡಗಿದೆ.

ಹೀಗಿರುವಾಗ ನನ್ನ ಜೊತೆ ಪಾಠ ಮಾಡುವ ರಾಜಮ್ಮ ಟೀಚರ್ ಆಡಿ ತಿಂಗಳ ಹದಿನೆಂಟರ ಹಬ್ಬಕ್ಕೆ ಅಮ್ಮನನ್ನೂ ನನ್ನನ್ನೂ ಊಟಕ್ಕೆ ಕರೆದರು. ಪಾಪಿರೆಡ್ಡಿಪಟ್ಟಿಯ ಹತ್ತಿರ ಅವರ ತೋಟ. ಅವರೂ ಕನ್ನಡ ಮನೆಮಾತಿನ ರೈತರು. ಉಂಡಾದ ಮೇಲೆ ಗಾಳಿಗೆಂದು ದೊಡ್ಡ ಬಾವಿಯ ಕಡೆ ಹೋದೆವು. ಆಚೆ ದಡದ ತೆಂಗಿನಮರವೊಂದು ಬಾವಿಯ ಮೇಲಕ್ಕೆ ಬಾಗಿಕೊಂಡಿದೆ. ಅದರ ಗರಿಗಳ ತುದಿಗೆ ಸಾಲಾಗಿ ಗೀಜಗನ ಗೂಡುಗಳು ತೂಗುತ್ತಿದ್ದವು. ಆಡಿ ಗಾಳಿಗೆ ಗೂಡುಗಳು ಒಂದಕ್ಕೊಂದು ತಾಗುವ ಹಾಗೆ ಓಲಾಡಿದರೂ ಒಂದೂ ಕಳಚಿಕೊಳ್ಳುತ್ತಿರಲಿಲ್ಲ.

ಅಮ್ಮ ನಿಂತಳು. ಕೆಳಗೆ ಬಿದ್ದಿದ್ದ ಒಂದು ಅರೆಬರೆ ಗೂಡನ್ನು ಎತ್ತಿಕೊಂಡು, ಮೊದಲು ಮಾಡಿದ ಕೆಲಸವೆಂದರೆ ಅದನ್ನು ಮಗುಚಿ ಒಳಮೈ ನೋಡಿದ್ದು. ಬಟ್ಟೆಯಾಗಲಿ, ಹೂವಾಗಲಿ, ದೋಸೆಯಾಗಲಿ, ನಮ್ಮವರು ಹಿಂಬದಿ ನೋಡದೆ ಬೆಲೆ ಕಟ್ಟುವವರಲ್ಲ. ಒಂದು ಎಳೆ ಎಳೆದು ನೋಡಿದಳು. ಬರಲಿಲ್ಲ. ಆಮೇಲೆ ತಲೆ ಎತ್ತಿ ಮರದ ಕಡೆ ನೋಡುತ್ತ, "ಕೈ ಇಲ್ಲ ಅದ್ಕೆ. ಕಾಲಲ್ಲಿ ಗರಿ ಇಡ್ಕೊಂಡು ಗಾಳೀಲಿ ತೂಗ್ತಾ ಐತೆ. ಮೊದಲ್ನೇ ಗಂಟು ಎಂಗಾಕ್ತೈತೆ ಜಯಾ?" ಎಂದಳು.

ನನಗೆ ಗೊತ್ತಿರಲಿಲ್ಲ. ಆದರೆ ವರ್ಷದಲ್ಲಿ ಮೊದಲ ಸಲ ಅಮ್ಮ ಏನನ್ನೋ ತಿಳಿದುಕೊಳ್ಳಬೇಕೆಂದು ಪ್ರಶ್ನೆ ಕೇಳಿದ್ದಳು. ಹತ್ತಿರ ಹೋಗೋಣವೆಂದರೆ ನಡುವೆ ಬಾವಿ. ಆಚೆ ದಡಕ್ಕೆ ಬಳಸಿಕೊಂಡು ಹೋದರೆ ಹಕ್ಕಿಗಳೆಲ್ಲ ಒಂದೇ ಸಲಕ್ಕೆ ಹಾರಿಹೋಗುತ್ತವೆ. ಅಮ್ಮನ ಕಣ್ಣೋ, ಮೊಳದೊಳಗಿನದನ್ನು ಕೂದಲೆಳೆ ಬಿಡದೆ ಕಾಣುತ್ತದೆ, ಬೀದಿಯಾಚೆಯದರಲ್ಲಿ ಅವಳಿಗೆ ಬರೀ ಆಕಾರ ಕಾಣುತ್ತದೆ, ಉಳಿದದ್ದೆಲ್ಲ ಮಂಜು. ಗೂಡು ಕಟ್ಟುವ ಕಾಲ ಆಡಿಯ ಮುಂದಿನ ಆವಣಿ ಪುರಟ್ಟಾಸಿ ತಿಂಗಳುಗಳೊಳಗೆ ಮುಗಿಯುತ್ತದೆ ಎಂದರು ರಾಜಮ್ಮ. ಅಷ್ಟರೊಳಗೆ ಅಮ್ಮನಿಗೆ ಆ ಗಂಟನ್ನು ತೋರಿಸದಿದ್ದರೆ ಅವಳು ಮತ್ತೆ ಹೂಂಗೆ ಇಳಿದುಬಿಡುತ್ತಾಳೆ ಎಂದು ನನಗೆ ಅನ್ನಿಸಿತು. ಬಿದ್ದ ಗೂಡನ್ನು ಅಮ್ಮ ಮಡಿಲಲ್ಲಿಟ್ಟುಕೊಂಡೇ ಮನೆಗೆ ಬಂದಳು.

ಅಂದಿನಿಂದ ಶುರುವಾಯಿತು ನನ್ನ ಕ್ಯಾಮೆರಾ ವ್ಯಾಸಂಗ. ರೈಲಿನಲ್ಲಿ ಹೋಗುವಾಗ ಬರುವಾಗ ಫೋನಿನಲ್ಲಿ ಅದೇ. ದೂರದ್ದನ್ನು ಎಳೆದು ತೋರಿಸುವ ಕ್ಯಾಮೆರಾಗಳದೇ ಒಂದು ಕುಲವಿದೆ ಎಂದು ತಿಳಿಯಿತು. ಮಸೂರ ಬದಲಾಯಿಸುವ ತಾಪತ್ರಯವಿಲ್ಲ, ಮೈಗೆ ಅಂಟಿಕೊಂಡೇ ಇದ್ದು ಆಮೆ ತಲೆ ಚಾಚಿದ ಹಾಗೆ ಉದ್ದಕ್ಕೆ ಬರುತ್ತದೆ. ಒಳ್ಳೆಯವು ನಮ್ಮ ಕೈಗೆ ಎಟುಕುವುದಿಲ್ಲ, ಎಟುಕುವವನ್ನು ಕಂಪನಿಗಳು ತಯಾರಿಸುವುದು ನಿಲ್ಲಿಸಿವೆ. ವಿಡಿಯೋದಲ್ಲಿ ಒಬ್ಬ ಪಂಡಿತ ಯಾವುದನ್ನು ಕೊಳ್ಳಲೇಬೇಕು ಎನ್ನುತ್ತಾನೋ ಇನ್ನೊಬ್ಬ ಅದನ್ನು ಮುಟ್ಟಲೇಬಾರದು ಎನ್ನುತ್ತಾನೆ. ಇಬ್ಬರೂ ತಮಿಳಿನಲ್ಲಿ ವಣಕ್ಕಂ ಹೇಳಿ ಅರ್ಧ ಗಂಟೆ ಮಾತಾಡುತ್ತಾರೆ. ಓದಿ ಕೇಳಿ ನನಗೆ ಎಷ್ಟು ಜ್ಞಾನ ಬಂತೆಂದರೆ, ಯಾವ ಕ್ಯಾಮೆರಾವನ್ನೂ ಕೊಳ್ಳಲಾಗದ ಸ್ಥಿತಿ ತಲುಪಿದೆ.

ಆಗ ನಮ್ಮ ಮನೆಯವರು, ಅಂದರೆ ನನ್ನ ಗಂಡ, ಕೈಹಾಕಿದರು. ಅವರದು ನೂಲಿನ ಅಂಗಡಿ. ನಂಗವಳ್ಳಿಯ ವ್ಯಾಪಾರಸ್ಥರ ಮನೆತನ, ಅವರ ಮನೆಯಲ್ಲಿ ಎಂದೂ ಮಗ್ಗ ಇರಲಿಲ್ಲ. ನೂಲಿಗೆ ನಂಬರು ಇರುತ್ತದೆ, ನಿಮಗೆ ಗೊತ್ತಿರಬಹುದು. ನಲವತ್ತನೇ ನಂಬರು ಸಾಧಾರಣ, ಅರವತ್ತು ವಾಸಿ, ಎಂಬತ್ತು ನಯ, ನೂರು ಇನ್ನೂ ನಯ. ನೂರಿಪ್ಪತ್ತು ಎಂದರೆ ಅಂಗೈ ಮೇಲಿಟ್ಟರೂ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಜೀವಮಾನವೆಲ್ಲ ಈ ಲೆಕ್ಕದಲ್ಲೇ ಬಾಳಿದ ಮನುಷ್ಯ ನನ್ನ ಫೋನಿನಲ್ಲಿ ಕ್ಯಾಮೆರಾ ಡಬ್ಬಿಗಳ ಮೇಲೂ, ಎಷ್ಟು ಪಟ್ಟು ಹತ್ತಿರ ಎಳೆಯುತ್ತದೆ ಎಂಬುದಕ್ಕೆ, ನಲವತ್ತು, ಅರವತ್ತು ಎಂದೆಲ್ಲ ಬರೆದಿರುವುದನ್ನು ಕಂಡು ಹಿಗ್ಗಿಹೋದರು. "ಇಷ್ಟೇನಾ? ಇದ್ಕೆ ಇಷ್ಟು ದಿನ ಓದ್ತಾ ಇದ್ಯಾ? ನಂಬರ್ ಏರ್ದಂಗೆಲ್ಲಾ ನಯ. ಇದ್ರಾಗೆ ಏನೈತೆ ರಹಸ್ಯ?" ಎಂದು ಹಳೇ ಬಸ್‌ಸ್ಟ್ಯಾಂಡಿನ ಕಡೆಯ ಒಂದು ಅಂಗಡಿಗೆ ನನ್ನನ್ನು ಕರೆದುಕೊಂಡು ಹೋದರು.

ಅಂಗಡಿಯಲ್ಲಿ ಅವರು ಕ್ಯಾಮೆರಾ ನೋಡಿದ ಪರಿಯನ್ನು ನೀವು ನೋಡಬೇಕಿತ್ತು. ಮೊದಲು ಕೊರಳಪಟ್ಟಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿದರು. ಆಮೇಲೆ ಕ್ಯಾಮೆರಾ ಮಗುಚಿ ತಳ ನೋಡಿದರು. ಬಾಗಿಲಿಗೆ ಬಂದು ಬೆಳಕಿಗೆ ಹಿಡಿದರು. ಕೊನೆಗೆ, ಯಾರೂ ಹೆಸರು ಕೇಳಿರದ ಕಂಪನಿಯ ಒಂದು ಡಬ್ಬಿಯ ಮೇಲೆ ಕೆಂಪು ಅಕ್ಷರದಲ್ಲಿ ನೂರಿಪ್ಪತ್ತು ಎಂದು ಇದ್ದದ್ದು ಅವರ ಕಣ್ಣಿಗೆ ಬಿತ್ತು. ನೂರಿಪ್ಪತ್ತು! ಬೆಲೆಯೂ ಅರವತ್ತರದ್ದಕ್ಕಿಂತ ಕಡಿಮೆ! ಅಂಗಡಿಯವನಿಗೆ ಸರಕಿನ ಬೆಲೆಯೇ ಗೊತ್ತಿಲ್ಲ ಎಂಬ ಗುಟ್ಟಿನ ಖುಷಿಯಲ್ಲಿ ಅವರು ನನ್ನ ಕೈ ಅದುಮಿದರು. ಇಷ್ಟೆಲ್ಲ ಓದಿದ್ದ ನಾನು ಏನು ಮಾಡುತ್ತಿದ್ದೆ ಎಂದರೆ, ನಾನೂ ನೇಯುವವರ ಮಗಳಲ್ಲವೇ, ನೂರಿಪ್ಪತ್ತು ಎಂದು ಕೇಳಿದ ಕೂಡಲೇ ಮೈ ಜುಂ ಎಂದಿತು. ಕೊಂಡು ತಂದೆವು.

ಮನೆಗೆ ಬಂದು ಮಹಡಿ ಹತ್ತಿ ಎದುರಿನ ನೀರಿನ ಟ್ಯಾಂಕಿನ ಮೇಲೆ ಕೂತಿದ್ದ ಕಾಗೆಯನ್ನು ಹತ್ತಿರ ಎಳೆದರೆ, ಬಂದದ್ದು ಕಾಗೆಯೋ ಒಣಹಾಕಿದ ಕೊಡೆಯೋ ಹೇಳುವಂತಿರಲಿಲ್ಲ. ಏರ್ಕಾಡಿನ ಬೆಟ್ಟ ಹಸಿರು ಬಣ್ಣ ಚೆಲ್ಲಿದ ಹಾಗೆ ಕಾಣಿಸಿತು. "ಒಸ ನೂಲು ಮೊದ್ಲು ಅಂಗೇ ಇರ್ತೈತೆ, ಪಳಗ್ಲಿ" ಎಂದರು ನಮ್ಮ ಮನೆಯವರು. ಆಗ ನನಗೆ ಓದಿದ್ದು ನೆನಪಾಯಿತು. ಗಾಜನ್ನು ಮುಂದೆ ಹಿಂದೆ ಸರಿಸಿ ನಿಜವಾಗಿ ಹತ್ತಿರ ತರುವುದು ಒಂದು ಬಗೆ. ಇದ್ದ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸಿ ಕೊಡುವುದು ಇನ್ನೊಂದು ಬಗೆ. ಈ ನೂರಿಪ್ಪತ್ತು ಎರಡನೆಯ ಬಗೆಯದು. ಸೇಲಂ ಜಿಲ್ಲೆಯ ನಕ್ಷೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿದರೆ ನಂಗವಳ್ಳಿ ಎಂಬ ಅಕ್ಷರ ದೊಡ್ಡದಾಗುತ್ತದೆಯೇ ಹೊರತು ನಂಗವಳ್ಳಿಯ ಬೀದಿಗಳು ಕಾಣುವುದಿಲ್ಲ. ಇದನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಡುವವಳು ನಾನೇ.

ಮರುದಿನ ಅವರು ಡಬ್ಬಿ ಎತ್ತಿಕೊಂಡು ವಾಪಸ್ ಕೊಡಲು ಹೋದರು. ಇಲ್ಲಿ ಒಂದು ಹಳೆಯ ವಿಷಯ ಹೇಳಬೇಕು. ನಾನು ಚಿಕ್ಕವಳಿದ್ದಾಗ ನೇಯ್ದ ಸೀರೆಯನ್ನು ಅಪ್ಪ ಗಂಟು ಕಟ್ಟಿಕೊಂಡು ಮುದಲಾಳಿಯ ಮನೆಗೆ ಹೋಗುತ್ತಿದ್ದ. ಮುದಲಾಳಿ ಎಂದರೆ ನೂಲು ಕೊಟ್ಟು ನೇಯಿಸಿಕೊಳ್ಳುವ ಯಜಮಾನ. ಅವರು ಸೀರೆಯನ್ನು ಬಿಡಿಸಿ, ಬೆಳಕಿಗೆ ಹಿಡಿದು, ಎಲ್ಲೋ ಒಂದು ಎಳೆ ತಪ್ಪಿದ್ದು ಕಂಡರೆ ಮಾತಾಡದೆ ಮಡಚಿ ಪಕ್ಕಕ್ಕೆ ಸರಿಸುತ್ತಿದ್ದರು. ಅಂಥ ದಿನ ಅಪ್ಪ ಕಂಕುಳಲ್ಲಿ ಅದೇ ಗಂಟು ಇಟ್ಟುಕೊಂಡು ಬೀದಿಯಲ್ಲಿ ನಡೆದು ಬರುತ್ತಿದ್ದ. ಆಗ ನಮ್ಮ ಬೀದಿಯಲ್ಲಿ ಒಂದು ಪದ್ಧತಿ. ಸೀರೆ ವಾಪಸ್ ಬಂದವನ ಮುಖವನ್ನು ಯಾರೂ ನೋಡುವುದಿಲ್ಲ. ಜಗಲಿಯ ಮೇಲೆ ಕೂತವರು ಇದ್ದಕ್ಕಿದ್ದ ಹಾಗೆ ರಾಟೆಯ ಕಡೆಯೋ ಆಕಾಶದ ಕಡೆಯೋ ತಿರುಗುತ್ತಿದ್ದರು. ಅಮ್ಮ ಹೊಸಿಲ ಮೇಲೆ ಒಂದು ಚೊಂಬು ನೀರಿಟ್ಟು, ಬೆನ್ನು ಮಾಡಿ ಕೂತು ಅಕ್ಕಿ ಆರಿಸುತ್ತಿದ್ದಳು. ಅಪ್ಪ ಕಾಲು ತೊಳೆದು, ಉಂಡು, ತಾನಾಗಿ ಬಾಯಿ ಬಿಡುವವರೆಗೆ ಏನಾಯಿತು ಎಂದು ಕೇಳುವಂತಿರಲಿಲ್ಲ. ಅದೇನೋ ಅಪಶಕುನವಿರಬೇಕು, ನೋಡಿದವರಿಗೆ ದೋಷ ತಟ್ಟುತ್ತದೆಯೇನೋ ಎಂದು ನಾನು ಆಗ ಅಂದುಕೊಂಡಿದ್ದೆ.

ಈಗ ನಮ್ಮ ಮನೆಯವರ ಕಥೆಗೆ ಬನ್ನಿ. ಅಂಗಡಿಯವನು ದುಡ್ಡು ವಾಪಸ್ ಕೊಡುವುದಿಲ್ಲ, ಬೇಕಾದರೆ ಬದಲಿಗೆ ಬೇರೆ ತೆಗೆದುಕೊಳ್ಳಿ ಎಂದನಂತೆ. ಇವರು ಸಿಟ್ಟಿಗೆ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು ಮನೆಗೆ ಬಂದರು. ಜಗಲಿಯ ಮೇಲಿದ್ದ ಅಮ್ಮ ಬೀದಿಯ ತಿರುವಿನಲ್ಲೇ, ಕಂಕುಳಲ್ಲಿ ಗಂಟು ಅವುಚಿ ಬರುವ ಆ ಆಕಾರವನ್ನು ಗುರುತಿಸಿರಬೇಕು. ಮಂಡಿ ಹಿಡಿದುಕೊಂಡು ಎದ್ದಳು, ಒಳಗಿಂದ ಚೊಂಬು ನೀರು ತಂದು ಹೊಸಿಲ ಮೇಲಿಟ್ಟಳು, ಗೋಡೆಯ ಕಡೆ ಮುಖ ಮಾಡಿ ಕೂತಳು. ನಮ್ಮ ಮನೆಯವರಿಗೆ ಕಕ್ಕಾಬಿಕ್ಕಿ. "ಏನಾಯ್ತೇ? ಅತ್ತೆ ಯಾಕೆ ಮಕ ತಿರುಗ್ಸಿ ಕುಂತವ್ರೆ? ಕೋಪವಾ?" ಎಂದು ಅಡುಗೆಮನೆಗೆ ಬಂದು ಪಿಸುಗುಟ್ಟಿದರು. ನಾನು ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ಮೊದಲು ಊಟ ಮಾಡಿ ಎಂದೆ. ಅವರು ಉಂಡರು.

ಎರಡನೆಯ ಸಲ ಆ ಡಬ್ಬಿಯನ್ನು ಬದಲಿಸಿಕೊಳ್ಳಲು ನಾನೊಬ್ಬಳೇ ಹೋದೆ. ಈ ಸಲ ಡಬ್ಬಿಯ ಮೇಲಿನ ನಂಬರನ್ನು ನೋಡುವುದಿಲ್ಲ, ಅಮ್ಮನನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡುತ್ತೇನೆ ಎಂದು ಗಟ್ಟಿ ಮಾಡಿಕೊಂಡಿದ್ದೆ. ಅಮ್ಮನಿಗೆ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಲು ಬರುವುದಿಲ್ಲ, ಒಂದನ್ನು ಮುಚ್ಚಿದರೆ ಎರಡೂ ಮುಚ್ಚಿಕೊಳ್ಳುತ್ತವೆ. ಆದ್ದರಿಂದ ಕಿಂಡಿಗೆ ಕಣ್ಣಿಟ್ಟು ನೋಡುವುದು ಆಗದ ಮಾತು. ಹಿಂದಿನ ಪರದೆ ಬಾಗಿಲಿನ ಹಾಗೆ ತೆರೆದು ಕುರ್ಚಿಯಲ್ಲಿ ಕೂತವರ ಕಡೆ ತಿರುಗುವಂತಿರಬೇಕು. ಚಿತ್ರ ನಡುಗದ ಹಾಗೆ ಒಳಗೇ ಹಿಡಿತವಿರಬೇಕು. ಇಷ್ಟನ್ನು ಹೇಳಿದ ಮೇಲೆ ಅಂಗಡಿಯವನು ಮೇಲಿನ ಹಲಗೆಯಿಂದ ಬಣ್ಣ ಮಾಸಿದ ಒಂದು ಡಬ್ಬಿ ಇಳಿಸಿ, ಊದಿ ಧೂಳು ಹಾರಿಸಿ, ಹಳೆಯ ಮಾದರಿ ಮೇಡಂ, ಯಾರೂ ಕೇಳುವುದಿಲ್ಲ ಎಂದ. ನಲವತ್ತರದ್ದು, ಆದರೆ ನಿಜವಾದ ಗಾಜಿನ ನಲವತ್ತು. ರಸ್ತೆಯಾಚೆಯ ಹೂವಿನಂಗಡಿಯ ಕಡೆ ತಿರುಗಿಸಿ ಗುಂಡಿ ಒತ್ತಿದೆ. ಮಲ್ಲಿಗೆಯ ಮೊಗ್ಗಿಗೆ ಬಿಗಿದ ನಾರು ಕಾಣಿಸಿತು.

"ನೂರಿಪ್ಪತ್ತು ಬಿಟ್ಟು ನಲವತ್ತಾ? ಬೀದೀಲಿ ಯಾರ್ಗೂ ಏಳ್ಬ್ಯಾಡ" ಎಂದರು ನಮ್ಮ ಮನೆಯವರು.

ಒಂದು ವಾರ ಮಹಡಿಯ ಮೇಲೆ ಅಭ್ಯಾಸ ಮಾಡಿದೆ. ಪೂರ್ತಿ ಎಳೆದಾಗ ನನ್ನ ಉಸಿರಾಟವೇ ಚಿತ್ರವನ್ನು ಅಲ್ಲಾಡಿಸುತ್ತದೆ, ಹಾಗಾಗಿ ಉಸಿರು ಹಿಡಿಯುವುದನ್ನು ಕಲಿತೆ. ಏರ್ಕಾಡಿನ ತಿರುವಿನಲ್ಲಿ ಹತ್ತುವ ಬಸ್ಸು ಕಂಡೆ. ಹಾಗೇ ಕ್ಯಾಮೆರಾ ಇಳಿಸಿಕೊಂಡು ಬರುವಾಗ ಎದುರುಮನೆಯ ಮಹಡಿ ಸಿಕ್ಕಿತು. ಅಂದು ಶುಕ್ರವಾರ, ಶುಕ್ರವಾರವೆಂದರೆ ಕಟ್ಟುನಿಟ್ಟಿನ ಉಪವಾಸ ಮಾಡುವ ಸರೋಜಕ್ಕ ಒಣಹಾಕಿದ ಸಂಡಿಗೆಯನ್ನು ಒಂದೊಂದೇ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅರೆ ಒಣಗಿದ ಸಂಡಿಗೆಯ ರುಚಿ ಗೊತ್ತಿರುವವಳಾಗಿ ನನಗೆ ತಪ್ಪೇನೂ ಕಾಣಲಿಲ್ಲ. ಆದರೂ ಅಂದಿನಿಂದ ಅವರ ಎದುರು ನಿಂತು ಮಾತಾಡಲು ನನಗೇ ಸಂಕೋಚ. ತಿಂದವರು ಅವರು, ನಾಚಿಕೊಳ್ಳುವವಳು ನಾನು, ಇದೆಂಥ ನ್ಯಾಯ ಎಂದು ಈಗಲೂ ಯೋಚಿಸುತ್ತೇನೆ.

ಭಾನುವಾರ ಅಮ್ಮನನ್ನು ಕರೆದುಕೊಂಡು ರಾಜಮ್ಮನ ತೋಟಕ್ಕೆ ಹೋದೆ. ಪಂಪ್‌ಸೆಟ್ ಮನೆಯ ನೆರಳಿನಲ್ಲಿ ಅಮ್ಮನಿಗೆ ಕುರ್ಚಿ ಹಾಕಿ, ಪಕ್ಕದಲ್ಲಿ ಸ್ಟೂಲಿನ ಮೇಲೆ ಕಡಲೆಕಾಯಿ ಚೀಲವಿಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿ, ಪರದೆಯನ್ನು ಅವಳ ಕಡೆ ತಿರುಗಿಸಿದೆ. ಗುಂಡಿ ಒತ್ತಿದ ಹಾಗೆ ಮರ ಬಂತು, ಗರಿ ಬಂತು, ಗರಿಯ ತುದಿಯಲ್ಲಿ ಹಳದಿ ತಲೆಯ ಗಂಡು ಗೀಜಗ ಬಂತು. ಅದರ ಕೊಕ್ಕಿನಲ್ಲಿ ಉದ್ದನೆಯ ಒಂದು ಹಸಿ ಎಳೆ. ಅಮ್ಮ ಮುಂದಕ್ಕೆ ಬಾಗಿದಳು.

ಹಕ್ಕಿ ಎಳೆಯ ಒಂದು ತುದಿಯನ್ನು ಕಾಲಡಿ ಮೆಟ್ಟಿ ಹಿಡಿಯಿತು. ಇನ್ನೊಂದು ತುದಿಯನ್ನು ಕೊಕ್ಕಿನಲ್ಲಿ ಕಚ್ಚಿ ಗರಿಯ ಸುತ್ತ ತಂದು, ಕೆಳಗಿನಿಂದ ತೂರಿಸಿ, ತಲೆಯನ್ನು ಆಚೆಗೆ ಹಾಕಿ ಅಲ್ಲಿಂದ ಎಳೆಯಿತು. ಜಾರಿತು. ಮತ್ತೆ ಮೆಟ್ಟಿತು. ಅಮ್ಮನ ಹೆಬ್ಬೆರಳು ತೋರುಬೆರಳು ತಾವಾಗಿ ಹೊಸೆಯತೊಡಗಿದವು. "ಇಡ್ಕೊ... ಬಿಡ್ಬ್ಯಾಡ... ಕೆಳಗಿಂದ ತಗೋ. ಆಂ, ಈಗ ಎಳಿ!" ಎಂದು ಬಾವಿಯಾಚೆಯ ಹಕ್ಕಿಗೆ ಈಚೆಯಿಂದ ಹೇಳಿಕೊಡುತ್ತಿದ್ದಳು. ಗಂಟು ಬಿಗಿಯಿತು. ಅಮ್ಮ ಹಿಂದಕ್ಕೆ ಒರಗಿ, "ಅಷ್ಟೇ ಕಣೇ. ಕಾಲಲ್ಲಿ ಮೆಟ್ಟೋದು, ಬಾಯಲ್ಲಿ ಎಸಿಯೋದು. ನಮ್ ಮಗ್ಗನೇ ಅದು" ಎಂದು ನಕ್ಕಳು. ಅಷ್ಟರಲ್ಲಿ ನಾನು ಹಕ್ಕಿಯನ್ನು ಬಿಟ್ಟು ಅಮ್ಮನನ್ನೇ ನೋಡುತ್ತಿದ್ದೆ. ಅಷ್ಟು ಖುಷಿಯಾಗಿತ್ತು ನನಗೆ.

ಪಕ್ಕದ ಗರಿಯಲ್ಲಿ ಇನ್ನೊಂದು ಗಂಡು ಅರ್ಧ ಗೂಡು ಮುಗಿಸಿತ್ತು, ಬೋರಲು ಹಾಕಿದ ಕುಡಿಕೆಯ ಹಾಗೆ. ಅರ್ಧ ಕಟ್ಟಿದ ಮೇಲೆ ಹೆಣ್ಣು ಬಂದು ನೋಡುತ್ತದೆ, ಒಪ್ಪಿದರೆ ಮಾತ್ರ ಗಂಡು ಪೂರ್ತಿ ಮಾಡುತ್ತದೆ ಎಂದು ರಾಜಮ್ಮ ಹೇಳಿದರು. ಹೇಳುತ್ತಿರುವಾಗಲೇ ಮಾಸಲು ಬಣ್ಣದ ಹೆಣ್ಣೊಂದು ಬಂತು. ಗಂಡು ರೆಕ್ಕೆ ಬಡಿದು ಬಡಿದು ಬರಮಾಡಿಕೊಂಡಿತು. ಹೆಣ್ಣು ಒಳಗೆ ಹೋಗಿ, ಒಂದು ಕಡೆ ಕುಕ್ಕಿ, ಇನ್ನೊಂದು ಕಡೆ ಎಳೆ ಹಿಡಿದು ಜಗ್ಗಿ, ಹೊರಗೆ ಬಂದು ಒಂದು ಗಳಿಗೆ ಕೂತಿತು. ಆಮೇಲೆ ಹಾರಿಹೋಯಿತು. ಗಂಡು ರೆಕ್ಕೆ ಬಡಿಯುವುದನ್ನು ನಿಲ್ಲಿಸಿ ಗೂಡಿಗೆ ಜೋತು ಬಿದ್ದುಕೊಂಡಿತ್ತು.

ಇಂಥ ಚಿತ್ರ ಮತ್ತೆ ಸಿಗುವುದಿಲ್ಲವೆಂದು ನಾನು ಕ್ಯಾಮೆರಾವನ್ನು ಅದರ ಕಡೆ ತಿರುಗಿಸಿ ಗುಂಡಿಯನ್ನು ಕೊನೆಯವರೆಗೆ ಒತ್ತಿ ಹಿಡಿದೆ. ಪರದೆಯ ತುಂಬ ಅದರ ಮುಖ ಬಂತು. ಕಪ್ಪು ಕಣ್ಣು, ಕೊಕ್ಕಿನಲ್ಲಿ ಇನ್ನೂ ಸಿಕ್ಕಿಕೊಂಡಿದ್ದ ಒಂದು ಹುಲ್ಲಿನೆಳೆ. ಆಗ ಅಮ್ಮ ನನ್ನ ಕೈ ಮೇಲೆ ಕೈಯಿಟ್ಟಳು.

"ಬ್ಯಾಡ ಕಣೇ. ದೂರ ಮಾಡು."

"ಯಾಕಮ್ಮ?"

"ಸೀರೆ ವಾಪಸ್ ಬಂದೈತೆ ಅವ್ನಿಗೆ. ಮಕ ನೋಡ್ಬಾರ್ದು."

ನಾನು ಗುಂಡಿಯನ್ನು ಹಿಂದಕ್ಕೆ ಒತ್ತಿದೆ. ಮುಖ ಹಕ್ಕಿಯಾಯಿತು, ಹಕ್ಕಿ ಚುಕ್ಕಿಯಾಯಿತು, ಮರ ಬಂತು, ಬಾವಿ ಬಂತು. ಅಮ್ಮ ಎದ್ದು ಪಂಪ್‌ಸೆಟ್ ಮನೆಯಲ್ಲಿದ್ದ ಚೊಂಬಿನಲ್ಲಿ ನೀರು ತಂದು ಬಾವಿಯ ಕಟ್ಟೆಯ ಮೇಲಿಟ್ಟು, ಮರದ ಕಡೆ ಬೆನ್ನು ಮಾಡಿ ಕೂತು, ಚೀಲದಿಂದ ಕಡಲೆಕಾಯಿ ತೆಗೆದು ಸುಲಿಯತೊಡಗಿದಳು. ಬಾವಿಯ ತುಂಬ ನೀರಿತ್ತು, ಆ ಹಕ್ಕಿಗೆ ನೀರಿಗೇನೂ ಬರವಿರಲಿಲ್ಲ. ನಾನೂ ರಾಜಮ್ಮನೂ ಹಾಗೇ ಬೆನ್ನು ಮಾಡಿ ಕೂತು ಕಡಲೆಕಾಯಿ ಸುಲಿದೆವು.

ಸುಲಿಯುತ್ತ ಸುಲಿಯುತ್ತ ನನಗೆ ಬೀದಿಯ ಆ ಹಳೆಯ ಪದ್ಧತಿ ಅರ್ಥವಾಯಿತು. ಅದು ಅಪಶಕುನವಾಗಿರಲಿಲ್ಲ. ಸೋತು ಬಂದವನು ತನ್ನ ಮುಖವನ್ನು ಸರಿಮಾಡಿಕೊಳ್ಳಲು ಬೀದಿಯೆಲ್ಲ ಸೇರಿ ಕೊಡುತ್ತಿದ್ದ ಒಂದಿಷ್ಟು ಮರೆ ಅದು. ಅದರ ಹಿಂದೆಯೇ ಇನ್ನೊಂದು ಹೊಳೆದು ಕೈ ನಿಂತುಹೋಯಿತು. ಹೋದ ವರ್ಷ ಡಾಕ್ಟರು ಅಮ್ಮನಿಗೂ ಮಗ್ಗದಿಂದ ಎದ್ದುಬಾ ಎಂದಿದ್ದರು. ಅಂದಿನಿಂದ ನಾನು ಅವಳ ಎದುರು ಕುರ್ಚಿ ಹಾಕಿಕೊಂಡು, ಗುಂಡಿಯನ್ನು ಕೊನೆಯವರೆಗೆ ಒತ್ತಿ ಹಿಡಿದು, ಮುಖವನ್ನೇ ನೋಡುತ್ತಿದ್ದೆ.

ಸ್ವಲ್ಪ ಹೊತ್ತಾದ ಮೇಲೆ ಅಮ್ಮ, "ಈಗ ನೋಡು, ಉಂಡಿರ್ತಾನೆ" ಎಂದಳು. ನೋಡಿದೆ. ಗಂಡು ಪಕ್ಕದ ಗರಿಯಲ್ಲಿ ಹೊಸ ಎಳೆಯೊಂದನ್ನು ಕಾಲಡಿ ಮೆಟ್ಟಿ ನಿಂತಿತ್ತು. "ಈಗ ಅತ್ರ ಮಾಡು" ಎಂದಳು ಅಮ್ಮ.

ಈಚೆಗೆ ಶಾಲೆಯಲ್ಲಿ ಯಾರಾದರೂ ಅಗ್ಗದ ಒಳ್ಳೆಯ ಝೂಮ್ ಕ್ಯಾಮೆರಾ ಯಾವುದು ಎಂದು ಕೇಳುತ್ತಾರೆ, ನಾನು ಪಂಡಿತಳೆಂದು ಸುದ್ದಿಯಾಗಿದೆ. ಹತ್ತಿರ ತರುವುದನ್ನು ಎಲ್ಲವೂ ತಕ್ಕಮಟ್ಟಿಗೆ ಮಾಡುತ್ತವೆ, ಅದೇ ಗುಂಡಿ ಹಿಂದಕ್ಕೆ ಎಷ್ಟು ಸಲೀಸಾಗಿ ಬರುತ್ತದೆ ನೋಡಿ ತೆಗೆದುಕೊಳ್ಳಿ ಎನ್ನುತ್ತೇನೆ. ಅವರು ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಾರೆ.

ಆ ಭಾನುವಾರ ಸಂಜೆ ತೋಟದಿಂದ ಬಂದು ಬೊಮ್ಮಿಡಿಯಲ್ಲಿ ರೈಲು ಹತ್ತಿದೆವು. ಎದುರಿನ ಸೀಟು ಖಾಲಿಯಿತ್ತು. ನಾನು ಅಲ್ಲಿ ಕೂರದೆ ಅಮ್ಮನ ಪಕ್ಕದಲ್ಲಿ ಕೂತು, ಕಿಟಕಿಯಾಚೆ ಬೆಟ್ಟ ನೋಡುತ್ತಿದ್ದೆ. ಏನನ್ನೂ ಕೇಳಲಿಲ್ಲ. ಸುಮ್ಮನಿರುವುದು ಟೀಚರಿಗೆ ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಬೆಟ್ಟದ ಸಾಲು ಮುಗಿದು ಬಯಲು ಶುರುವಾಗುವಾಗ ಅಮ್ಮ ತಾನಾಗಿ ಬಾಯಿ ತೆಗೆದಳು.

"ಜಯಾ, ಆ ಫ್ರಿಜ್ಜು ತೆಗ್ದು ಅಡ್ಗೆಮನೆ ಕಡೆ ಇಟ್ಕೊಳ್ಳೇ. ನಿಮ್ಮಪ್ಪ ಬೆಳಕು ನೋಡೇ ಅಲ್ಲಿ ಕುಣಿ ತೋಡ್ಸಿದ್ದು. ಒಂದು ಕುರ್ಚಿ ಆಕು, ನಾನು ಅಲ್ಲಿ ಕುಂತ್ಕೊತೀನಿ."

ಅವಳ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ. ನಾನು ಕಿಟಕಿಯಾಚೆ ನೋಡುತ್ತಲೇ ಸರಿಯಮ್ಮ ಎಂದೆ.